ಓಲ್ಮೆಕ್ ಮಡಕೆಗಳ ಮೇಲಿನ ಗೀರುಗಳು ಬರೀ ಅಲಂಕಾರವೇ, ಅವುಗಳಿಗೆ ಧಾರ್ಮಿಕ ಅರ್ಥವಿದೆಯೇ?

ಬರೀ ಅಲಂಕಾರವಲ್ಲ. ಓಲ್ಮೆಕರು ಮೆಕ್ಸಿಕೋದ ಪ್ರಾಚೀನ ಜನ. ಕ್ರಿ.ಪೂ. 1200ರಿಂದ 900ರ ಸುಮಾರಿಗೆ ಸೇರಿದ ಇಂಥ ಪಾತ್ರೆಗಳು ಅವರ ನೆಲೆಯಾದ ಸಾನ್ ಲೊರೆಂಜೊದಲ್ಲಿ ಸಿಕ್ಕಿವೆ. ದೂರದ ಮೆಕ್ಸಿಕೋ ಕಣಿವೆಯ ತ್ಲಾಟಿಲ್ಕೊ, ತ್ಲಾಪಕೋಯಾಗಳಲ್ಲೂ ಅದೇ ಶೈಲಿಯವು ದೊರೆತಿವೆ.

ಒಂದು ಪಾತ್ರೆಯನ್ನು ಹತ್ತಿರದಿಂದ ನೋಡೋಣ: ಚಪ್ಪಟೆ ತಳ, ನೆಟ್ಟಗಿನ ಗೋಡೆ. ಸುಡುವ ಮೊದಲೇ, ಮಣ್ಣು ಅರೆಬರೆ ಒಣಗಿದ್ದಾಗ, ಅದರ ಮೈಯನ್ನು ಆಳವಾಗಿ ಕೆತ್ತಿದ್ದಾರೆ. ಕೆಲವು ಪಾತ್ರೆಗಳ ಗೀರುಗಳಲ್ಲಿ ಕೆಂಪು ಬಣ್ಣ ಇನ್ನೂ ಉಳಿದಿದೆ. ಮೊದಲ ನೋಟಕ್ಕೆ ಬಳ್ಳಿಯೋ ಚಿತ್ತಾರವೋ ಅನ್ನಿಸುತ್ತದೆ. ಸ್ವಲ್ಪ ಹೊತ್ತು ದಿಟ್ಟಿಸಿದರೆ ಮುಖವೊಂದು ಮೂಡುತ್ತದೆ: ಜ್ವಾಲೆಯಂತೆ ಮೇಲೇಳುವ ಹುಬ್ಬು, ಅದರ ಪಕ್ಕದಲ್ಲಿ ಪಂಜವೂ ರೆಕ್ಕೆಯೂ ಆಗಬಲ್ಲ ಒಂದು ಆಕಾರ. ಮೊಸಳೆ, ಹಾವು, ಹಕ್ಕಿಗಳ ಗುಣಗಳನ್ನು ಬೆರೆಸಿದ ಈ ಜೀವಿಯನ್ನು ವಿದ್ವಾಂಸರು 'ಓಲ್ಮೆಕ್ ಡ್ರ್ಯಾಗನ್' ಎನ್ನುತ್ತಾರೆ. ಭೂಮಿಯೊಂದಿಗೆ ಅದನ್ನು ಜೋಡಿಸುವವರು ಹಲವರು.

ಇನ್ನೊಂದು ಬಗೆಯ ಮುಖದ ನೆತ್ತಿಯಲ್ಲಿ ಆಂಗ್ಲದ 'ವಿ' ಅಕ್ಷರದಂಥ ಸೀಳು. ಬೇರೆ ಓಲ್ಮೆಕ್ ಕೆತ್ತನೆಗಳಲ್ಲಿ ಇದೇ ಸೀಳಿನಿಂದ ಮೆಕ್ಕೆಜೋಳದ ಮೊಳಕೆ ಹೊರಡುತ್ತದೆ. ಹಾಗಾಗಿ ಅದನ್ನು ಬೀಜ ಒಡೆಯುವ ನೆಲವೆಂದು ಓದುವುದು ನನಗೆ ಹೆಚ್ಚು ಒಪ್ಪಿಗೆ. ಹಿಂದೆ ಇಂಥ ಮುಖಗಳನ್ನೆಲ್ಲ 'ಜಾಗ್ವಾರ್ ಮನುಷ್ಯ' ಎಂದು ಒಂದೇ ಹೆಸರಿಗೆ ಕಟ್ಟಿಹಾಕುತ್ತಿದ್ದರು. 1971ರಲ್ಲಿ ವಿದ್ವಾಂಸ ಪೀಟರ್ ಡೇವಿಡ್ ಜೊರಾಲೆಮನ್ ಅವುಗಳನ್ನು ಬೇರೆಬೇರೆ ದೇವತೆಗಳಾಗಿ ವಿಂಗಡಿಸಿದರು.

ಒಂದು ಎಚ್ಚರಿಕೆ: ಓಲ್ಮೆಕರು ಈ ದೇವತೆಗಳನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರೋ ನಮಗೆ ಗೊತ್ತಿಲ್ಲ. 'ಮಳೆದೇವರು', 'ಜೋಳದ ದೇವರು' ಎಂಬವೆಲ್ಲ ನಂತರದ ಮಾಯಾ, ಅಜ್ಟೆಕ್ ಜನರ ನಂಬಿಕೆಗಳ ಆಧಾರದ ಮೇಲೆ ನಾವು ಕೊಟ್ಟ ಹೆಸರುಗಳು.