ಹೆಸರಿನಲ್ಲಿ ಕಂಚು, ಕೋಡ್‌ನಲ್ಲಿ ಹಿತ್ತಾಳೆ

ಪ್ರಶ್ನೆ: ವಾಲ್ವ್ ಸ್ಪಿಂಡಲ್ ಮಾಡಲು ‘ಮ್ಯಾಂಗನೀಸ್ ಬ್ರಾಂಜ್’ ರಾಡ್ ಆಮದು ಮಾಡಿಕೊಳ್ಳುತ್ತೇವೆ. ಉದ್ದ 3 ಮೀಟರ್, ನೇರ ರಾಡ್. ಮಾರಿದವರು ಇನ್‌ವಾಯ್ಸ್‌ನಲ್ಲಿ ಸುಂಕದ ಕೋಡ್ 7407.29 ಅಂತ ಹಾಕಿದ್ದಾರೆ. ನಮ್ಮ ಕಸ್ಟಮ್ಸ್ ಏಜೆಂಟ್ 7407.21 ಅನ್ನುತ್ತಾರೆ. ಯಾರು ಸರಿ?

ಉತ್ತರ: ನಿಮ್ಮ ಏಜೆಂಟ್ ಸರಿ. 7407.21 ಹಿತ್ತಾಳೆ ರಾಡ್‌ಗೆ, 7407.29 ತಾಮ್ರದ ಬೇರೆ ಮಿಶ್ರಲೋಹಗಳ ರಾಡ್‌ಗೆ. ನೀವು ಜೊತೆಗೆ ಕಳಿಸಿದ ಟೆಸ್ಟ್ ಸರ್ಟಿಫಿಕೇಟ್ ನೋಡಿಯೇ ಹೇಳುತ್ತಿದ್ದೇನೆ. ಶೇಕಡಾ ಲೆಕ್ಕದಲ್ಲಿ ತಾಮ್ರ 58.5, ಸತು 38.9, ಕಬ್ಬಿಣ 1.2, ತವರ 0.9, ಮ್ಯಾಂಗನೀಸ್ 0.3, ಸೀಸ 0.2. ಇದರಲ್ಲಿ ಕಂಚು ಎಲ್ಲಿದೆ ಹೇಳಿ? ತಾಮ್ರ ಬಿಟ್ಟರೆ ಮಿಕ್ಕಿದ್ದೆಲ್ಲಾ ಹೆಚ್ಚುಕಡಿಮೆ ಸತುವೇ. ಮ್ಯಾಂಗನೀಸ್ ಅಂತೂ ಚಿಟಿಕೆಯಷ್ಟು.

ಹಿತ್ತಾಳೆ ಯಾವುದು, ಕಂಚು ಯಾವುದು ಅಂತ ಅಂಗಡಿಯವರು ಒಂದು ಹೇಳುತ್ತಾರೆ, ಎಂಜಿನಿಯರ್‌ಗಳು ಇನ್ನೊಂದು ಹೇಳುತ್ತಾರೆ. ಸುಂಕದ ಪಟ್ಟಿ ಇಬ್ಬರನ್ನೂ ಕೇಳುವುದಿಲ್ಲ. ತಾಮ್ರಕ್ಕೆ ಮೀಸಲಾದ ಅದರ 74ನೇ ಅಧ್ಯಾಯದ ಟಿಪ್ಪಣಿಯಲ್ಲೇ ಲೆಕ್ಕ ಬರೆದಿಟ್ಟಿದ್ದಾರೆ. ತಾಮ್ರದ ಜೊತೆ ಸತು ಇರಬೇಕು. ಬೇರೆ ಲೋಹಗಳೂ ಇದ್ದರೆ, ಅವುಗಳಲ್ಲಿ ಪ್ರತಿಯೊಂದಕ್ಕಿಂತ ಸತುವೇ ಜಾಸ್ತಿ ಇರಬೇಕು. ನಿಕ್ಕಲ್ ಇದ್ದರೆ 5 ಶೇಕಡಾಕ್ಕಿಂತ ಕಡಿಮೆ, ತವರ ಇದ್ದರೆ 3 ಶೇಕಡಾಕ್ಕಿಂತ ಕಡಿಮೆ ಇರಬೇಕು. ಇಷ್ಟೂ ಕೂಡಿ ಬಂದರೆ ಅದು ಹಿತ್ತಾಳೆ, ಕೋಡ್ 7407.21. ನಿಮ್ಮ ರಾಡ್‌ನಲ್ಲಿ ತವರ 0.9, ನಿಕ್ಕಲ್ ಇಲ್ಲವೇ ಇಲ್ಲ. ಅಲ್ಲಿಗೆ ಮುಗಿಯಿತು.

ಹೀಗೆ ದಾರಿ ತಪ್ಪಿಸುವ ಹೆಸರು ಇದೊಂದೇ ಅಲ್ಲ. ‘ಕಮರ್ಷಿಯಲ್ ಬ್ರಾಂಜ್’ ಅನ್ನುವುದರಲ್ಲಿ 90 ಪಾಲು ತಾಮ್ರ, 10 ಪಾಲು ಸತು. ಬೇಕು ಅಂತ ಬೆರೆಸಿದ ತವರ ಅದರಲ್ಲಿಲ್ಲ. ಅದೂ ಹಿತ್ತಾಳೆಯೇ. ‘ನಿಕ್ಕಲ್ ಸಿಲ್ವರ್’ನಲ್ಲಿ ಬೆಳ್ಳಿ ಇರುವುದಿಲ್ಲ. ಅದು ತಾಮ್ರ, ನಿಕ್ಕಲ್, ಸತು ಸೇರಿದ ಮಿಶ್ರಲೋಹ. ನಿಕ್ಕಲ್ 5 ಅಥವಾ ಅದಕ್ಕಿಂತ ಜಾಸ್ತಿ ಇರುವುದರಿಂದ ಅದರ ರಾಡ್ 7407.29ಕ್ಕೆ ಹೋಗುತ್ತದೆ. ಇನ್ನು ಗನ್‌ಮೆಟಲ್. 85 ತಾಮ್ರ, 5 ತವರ, 5 ಸತು, 5 ಸೀಸ ಇರುವ ಬಗೆ ಹೆಚ್ಚಾಗಿ ಸಿಗುತ್ತದೆ. ತವರ 3 ದಾಟಿತು, ಹಾಗಾಗಿ ಹಿತ್ತಾಳೆ ಅಲ್ಲ. ಅದರ ರಾಡ್ ಕೂಡ 7407.29. ಅಲ್ಯೂಮಿನಿಯಂ ಬ್ರಾಂಜ್ ರಾಡ್‌ಗೂ ಅದೇ ಕೋಡ್.

ಒಂದು ಮಾತು ಒತ್ತಿ ಹೇಳಬೇಕು. ಕೆಲವು ಸರ್ಟಿಫಿಕೇಟ್‌ಗಳಲ್ಲಿ ಸತುವಿನ ಕೆಳಗೆ ಅಂಕಿ ಇರುವುದಿಲ್ಲ, ಬರೀ ‘ಬ್ಯಾಲೆನ್ಸ್’ ಅಂತ ಇರುತ್ತದೆ. ಮಿಕ್ಕಿದ್ದೆಲ್ಲಾ ಕೂಡಿಸಿ 100ರಿಂದ ಕಳೆದು ನೀವೇ ಅಂಕಿ ತೆಗೆಯಿರಿ. ಆಮೇಲೆ ಸರ್ಟಿಫಿಕೇಟ್‌ನಲ್ಲಿರುವ ಒಂದು ಸಲ ಕರಗಿಸಿದ ಲೋಹದ ಗುರುತಾದ ಹೀಟ್ ನಂಬರ್‌ ಮತ್ತು ರಾಡ್ ಕಟ್ಟಿನ ಟ್ಯಾಗ್‌ನಲ್ಲಿರುವ ನಂಬರ್‌ ಒಂದೇನಾ ಅಂತ ಸರಕು ಬಂದ ದಿನವೇ ನೋಡಿ. ಎರಡೂ ಬೇರೆ ಇದ್ದರೆ ಆ ಸರ್ಟಿಫಿಕೇಟ್ ನಿಮ್ಮ ಸರಕಿನದ್ದೇ ಅಲ್ಲ. ಅಧಿಕಾರಿ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸಿದಾಗ ಇದು ಗೊತ್ತಾದರೆ ತುಂಬಾ ತಡವಾಗಿರುತ್ತದೆ.

ಪ್ರಶ್ನೆ: ಸ್ಪಾಟ್ ವೆಲ್ಡಿಂಗ್ ಎಲೆಕ್ಟ್ರೋಡ್‌ಗೆ ಕ್ರೋಮಿಯಂ ಕಾಪರ್ ರಾಡ್ ತರಿಸುತ್ತೇವೆ. ಕ್ರೋಮಿಯಂ 0.8, ಮಿಕ್ಕಿದ್ದು ತಾಮ್ರ. ಕ್ಯಾಟಲಾಗ್‌ನಲ್ಲಿ ‘ಕಾಪರ್ ಅಲಾಯ್’ ಅಂತಲೇ ಇದೆ. ಹಾಗಾದರೆ 7407.29 ತಾನೆ?

ಉತ್ತರ: ಅಲ್ಲ, 7407.10. ಅಂದರೆ ‘ಶುದ್ಧೀಕರಿಸಿದ ತಾಮ್ರ’ದ ರಾಡ್. ನನ್ನ ಪ್ರಕಾರ ಈ ಅಧ್ಯಾಯದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ತಾಮ್ರ 99.85 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಶುದ್ಧ ತಾಮ್ರ ಅಂತ ಎಲ್ಲರೂ ಒಪ್ಪುತ್ತಾರೆ. ಟಿಪ್ಪಣಿಯಲ್ಲಿ ಇನ್ನೊಂದು ಬಾಗಿಲೂ ಇದೆ. ತಾಮ್ರ 97.5 ಇದ್ದರೂ ಸಾಕು, ಆದರೆ ಬೇರೆ ಒಂದೊಂದು ಧಾತುವೂ ತನಗೆ ಕೊಟ್ಟ ಮಿತಿ ದಾಟಬಾರದು. ಕ್ರೋಮಿಯಂಗೆ ಆ ಮಿತಿ 1.4. ನಿಮ್ಮದು 0.8. ಟೆಲ್ಯೂರಿಯಂಗೆ 0.8, ಸೀಸಕ್ಕೆ 1.5, ಸತುವಿಗೆ 1, ಜಿರ್ಕೋನಿಯಂಗೆ 0.3. ಹಾಗಾಗಿ ಲೇತ್‌ನಲ್ಲಿ ಸಲೀಸಾಗಿ ಕತ್ತರಿಸುವ ಟೆಲ್ಯೂರಿಯಂ ಕಾಪರ್ ಕೂಡ ಸಾಮಾನ್ಯವಾಗಿ 7407.10ರಲ್ಲೇ ಕೂರುತ್ತದೆ.

ಬೆರಿಲಿಯಂ ಕಾಪರ್‌ದು ಬೇರೆ ಕಥೆ. ಪಟ್ಟಿಯಲ್ಲಿ ಹೆಸರಿಲ್ಲದ ಬೇರೆ ಧಾತುಗಳಿಗೆಲ್ಲಾ ತಲಾ 0.3 ಮಿತಿ, ಬೆರಿಲಿಯಂ ಆ ಗುಂಪಿನದು. ಸ್ಪ್ರಿಂಗ್‌ಗೆ ಬಳಸುವ ಬಗೆಯಲ್ಲಿ ಅದು 2ರ ಆಸುಪಾಸು ಇರುತ್ತದೆ. ಮಿತಿ ದಾಟಿತು, ಮಿಶ್ರಲೋಹವಾಯಿತು, 7407.29 ಆಯಿತು. ನೋಡಲು ಎರಡೂ ತಾಮ್ರದ ಬಣ್ಣದವೇ ಅಲ್ವಾ? ಕಣ್ಣಳತೆ ಇಲ್ಲಿ ಕೆಲಸಕ್ಕೆ ಬಾರದು.

ಪ್ರಶ್ನೆ: ಒಂದೇ ಹಿತ್ತಾಳೆ ಗ್ರೇಡ್‌ನಲ್ಲಿ ನಾಲ್ಕು ಥರದ ಮಾಲು ಬರುತ್ತಿದೆ. ಸುರುಳಿಯಲ್ಲಿರುವ 8 ಮಿ.ಮೀ. ರಾಡ್, 100 ಮಿ.ಮೀ. ಅಗಲ 8 ಮಿ.ಮೀ. ದಪ್ಪದ ಚಪ್ಪಟೆ ಪಟ್ಟಿ, ಹೊರಗೆ ಆರು ಮೂಲೆ ಒಳಗೆ ದುಂಡು ತೂತು ಇರುವ ಪೊಳ್ಳು ರಾಡ್, ಮತ್ತು ಕಂಟಿನ್ಯುಯಸ್ ಕಾಸ್ಟಿಂಗ್‌ನ (ಕರಗಿದ ಲೋಹವನ್ನು ಅಚ್ಚಿನ ಮೂಲಕ ನಿಲ್ಲಿಸದೆ ಎಳೆದು ಮಾಡಿದ) ರಾಡ್. ಎಲ್ಲದಕ್ಕೂ 7407.21 ಹಾಕಬಹುದಾ?

ಉತ್ತರ: ಬೇಡ. ಲೋಹ ಒಂದೇ ಆದರೂ ಆಕಾರ ಬೇರೆ.

ಸುರುಳಿ ಸುತ್ತಿ ಬಂದದ್ದು ಬಾರ್ ಅಥವಾ ರಾಡ್ ಆಗುವುದಿಲ್ಲ, ಅದು ತಂತಿ. 7408.21 ಹಾಕಿ. ನೀವೆಲ್ಲ ಅದನ್ನು ರಾಡ್ ಅಂತಲೇ ಕರೆಯುತ್ತೀರಿ, ಗೊತ್ತು. ಚಪ್ಪಟೆ ಪಟ್ಟಿಗೆ ಹತ್ತನೇ ಒಂದರ ಲೆಕ್ಕ ಇದೆ. ದಪ್ಪ ಅಗಲದ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಇದ್ದರೆ ಮಾತ್ರ ಬಾರ್. 100ಕ್ಕೆ 12 ಇದ್ದಿದ್ದರೆ ಬಾರ್ ಆಗುತ್ತಿತ್ತು. 8 ಸಾಲದು, ಆದ್ದರಿಂದ ಅದು 74.09ರ ತಗಡು, ಪಟ್ಟಿಗಳ ಸಾಲಿಗೆ ಸೇರುತ್ತದೆ.

ಪೊಳ್ಳು ರಾಡ್ ಸ್ವಲ್ಪ ತಲೆ ಕೆಡಿಸುತ್ತದೆ. ತೂತು ಇದ್ದ ಮಾತ್ರಕ್ಕೆ 74.11ರ ಪೈಪ್ ಅಂದುಕೊಳ್ಳಬೇಡಿ. ಹೊರಗೆ ಆರು ಮೂಲೆ ಇದ್ದರೆ ಒಳಗೂ ಆರು ಮೂಲೆ ಇರಬೇಕು, ಎರಡರ ನಡುಬಿಂದು ಒಂದೇ ಆಗಿರಬೇಕು, ಮೂಲೆಗಳೂ ಒಂದೇ ದಿಕ್ಕಿಗೆ ನಿಂತಿರಬೇಕು. ಆಗ ಮಾತ್ರ ಪೈಪ್. ನಿಮ್ಮದರಲ್ಲಿ ಒಳಗೆ ದುಂಡು ಇದೆ. ಹಾಗಾಗಿ ಅದು ರಾಡ್‌ಗಳ ಜೊತೆಯಲ್ಲೇ 74.07ರಲ್ಲಿ ಬರುವ ಪ್ರೊಫೈಲ್, ಮತ್ತೆ 7407.21ಕ್ಕೇ ಬರುತ್ತದೆ.

ಕಾಸ್ಟಿಂಗ್ ರಾಡ್ ವಿಷಯದಲ್ಲಿ ಒಂದು ಕೇಳಬೇಕಿತ್ತು. ಅಚ್ಚಿನಿಂದ ಬಂದ ಮೇಲೆ ಅದಕ್ಕೆ ಏನು ಮಾಡಿದ್ದಾರೆ? ಸುಮ್ನೆ ತುದಿ ಕತ್ತರಿಸಿ, ಮೇಲಿನ ಕಿಲುಬು ಕೆರೆದು ಕಳಿಸಿದ್ದರೆ ಅದು ಇನ್ನೂ ಕಚ್ಚಾ ಲೋಹ, ಕೋಡ್ 7403.21. ಮೈಯನ್ನು ಲೇತ್‌ನಲ್ಲಿ ಹೆರೆದು ಅಳತೆಗೆ ತಂದಿದ್ದರೆ 7407.21. ರಾಡ್‌ನ ಮೇಲೆ ಬೆರಳಾಡಿಸಿ ನೋಡಿ. ಲೇತ್ ಹೆರೆದ ಮೈ ಹೊಳೆಯುತ್ತದೆ, ಟೂಲ್‌ನ ಸಣ್ಣ ಸುತ್ತುಗೆರೆ ಬೆರಳಿಗೆ ಸಿಗುತ್ತದೆ. ಆದರೂ ಅದನ್ನೇ ನಂಬಿ ಕೂರಬೇಡಿ, ಮಾರಿದವರಿಂದ ಬರೆಸಿಕೊಳ್ಳಿ.

ಈ 6 ಅಂಕಿಗಳು ಎಚ್‌ಎಸ್ (ಸರಕುಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪದ್ಧತಿ) ಒಪ್ಪಿದ ಎಲ್ಲ ದೇಶಗಳಲ್ಲೂ ಒಂದೇ. ಅದರ ಮುಂದಿನ ಅಂಕಿ ಮತ್ತು ಸುಂಕದ ದರವನ್ನು ಆಯಾ ದೇಶ ಇಟ್ಟುಕೊಂಡಿರುತ್ತದೆ, ಅದನ್ನು ನಿಮ್ಮ ದೇಶದ ಪಟ್ಟಿಯಲ್ಲಿ ನೋಡಿಕೊಳ್ಳಿ. ಕಾಸ್ಟಿಂಗ್ ರಾಡ್ ಪದೇ ಪದೇ ತರಿಸುವವರಾದರೆ ಸರಕು ಬರುವ ಮುಂಚೆಯೇ ಯಾವ ಕೋಡ್ ಅಂತ ಅಧಿಕೃತ ತೀರ್ಮಾನ ಕೊಡುವ ಅಡ್ವಾನ್ಸ್ ರೂಲಿಂಗ್‌ಗೆ ಅರ್ಜಿ ಹಾಕಿ. ಅರ್ಜಿ ಜೊತೆ ಸರ್ಟಿಫಿಕೇಟ್ ಇಡಿ. ಒಂದು ಅಡಿ ತುಂಡು ರಾಡ್ ಕೂಡ ತೆಗೆದಿಟ್ಟಿರಿ, ತೋರಿಸಿ ಅಂದರೆ ಕೈಯಲ್ಲಿರಬೇಕು.