ಆ ನಾಲ್ಕು ಸಮೀಕರಣಗಳನ್ನು ಬರೆದವರು ಯಾರು?
ವಿದ್ಯುತ್ ಮತ್ತು ಕಾಂತತ್ವವನ್ನು ವಿವರಿಸುವ ‘ಮ್ಯಾಕ್ಸ್‌ವೆಲ್ ಸಮೀಕರಣಗಳು’ ನಾಲ್ಕನ್ನೂ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಅವರೇ ಬರೆದರೇ ಎಂದು ಕೇಳಿದ್ದೀರಿ. ಸಿದ್ಧಾಂತ ಅವರದೇ, ಸಂಶಯವಿಲ್ಲ. ಆದರೆ 1865ರ ಅವರ ಪ್ರಬಂಧದಲ್ಲಿದ್ದುದು 20 ಸಮೀಕರಣಗಳು. ಪಠ್ಯಪುಸ್ತಕದಲ್ಲಿ ನೀವು ನೋಡುವ ಚೊಕ್ಕ ರೂಪ ಬಹುಮಟ್ಟಿಗೆ ಆಲಿವರ್ ಹೆವಿಸೈಡ್ ಅವರ ಕೈಚಳಕ.

ಈತ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. 16ಕ್ಕೆ ಶಾಲೆ ಬಿಟ್ಟು ತಂತಿ ಕಚೇರಿ ಸೇರಿದರು. 1874ರಲ್ಲಿ ಅದನ್ನೂ ಬಿಟ್ಟು, ಹೆತ್ತವರ ಮನೆಯಲ್ಲಿ ಮ್ಯಾಕ್ಸ್‌ವೆಲ್ ಗ್ರಂಥವನ್ನು ಅರೆದು ಕುಡಿದರು. ಅದಕ್ಕೆ ಬೇಕಾದ ಗಣಿತವನ್ನೂ ತಾವೇ ಕಲಿತರು. ವಿಭವಗಳನ್ನು (ಕ್ಷೇತ್ರಗಳನ್ನು ಲೆಕ್ಕಹಾಕಲು ಬಳಸುವ ಸಹಾಯಕ ರಾಶಿಗಳನ್ನು) ಪಕ್ಕಕ್ಕಿಟ್ಟು, ವಿದ್ಯುತ್ ಮತ್ತು ಕಾಂತಕ್ಷೇತ್ರಗಳನ್ನೇ ಸದಿಶಗಳಾಗಿ, ಅಂದರೆ ಪರಿಮಾಣದ ಜೊತೆ ದಿಕ್ಕೂ ಇರುವ ರಾಶಿಗಳಾಗಿ, ಬರೆದಾಗ ಗೋಜಲೆಲ್ಲ ಕರಗಿತು. ಜರ್ಮನ್ ಭೌತವಿಜ್ಞಾನಿ ಹರ್ಟ್ಸ್ ಕೂಡ ಸ್ವತಂತ್ರವಾಗಿ ಇಂಥದೇ ರೂಪಕ್ಕೆ ಬಂದರು, ನಿಜ. ಆದರೂ ಹೆವಿಸೈಡ್ ಹೆಸರು ಅಡಿಟಿಪ್ಪಣಿಗೆ ಸರಿದದ್ದು ನನಗೆ ಅನ್ಯಾಯವೆನಿಸುತ್ತದೆ.