ಪ್ರತಿಕ್ರಿಯೆ: ಮರವಂತೆ ರೋಡಲ್ಲಿ ಎರಡು ಗಂಟೆ ನಿಂತ್ರೂ ಹಕ್ಕಿ ಸಿಗ್ಲಿಲ್ಲ, ಯಾಕೆ?

ತಿಂಗಳೇ ತಪ್ಪಿದೆ ಅನ್ಸತ್ತೆ. ನೀವು ಹೋಗಿದ್ದು ಜೂನ್, ಅದೂ ಮಧ್ಯಾಹ್ನ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ, ಮೀನಿಲ್ಲ ಅಂದ್ರೆ ಬಂದರಲ್ಲಿ ಗರುಡಗಳ ಗಲಾಟೆನೂ ಕಮ್ಮಿ, ಮತ್ತೆ ಗಲ್ ಅನ್ನೋ ಕಡಲ ಹಕ್ಕಿಗಳು ಚಳಿಗಾಲಕ್ಕೆ ಬರೋವು, ಮಳೆ ಹೊತ್ತಿಗೆ ಉತ್ತರಕ್ಕೆ ಹೋಗಿರ್ತವೆ.

ಡಿಸೆಂಬರ್ ಜನವರೀಲಿ ಹೋಗಿ. ನಮ್ ಚಿಕ್ಕಮಗಳೂರಿಂದ ಬೆಳಗ್ಗೆ ಕಾಫಿ ಕುಡ್ಕೊಂಡು ಆಗುಂಬೆ ಇಳಿದ್ರೆ ತಲುಪೋದು ಮಧ್ಯಾಹ್ನನೇ, ಅದಕ್ಕೆ ಹಿಂದಿನ ದಿನ ಕುಂದಾಪುರದಲ್ಲಿ ಉಳ್ಕೊಳ್ಳಿ. ಬೆಳಗ್ಗೆ ಮೊದ್ಲು ತ್ರಾಸಿ ಹತ್ರ ಎಡಕ್ಕೆ ತಿರುಗಿ ಗಂಗೊಳ್ಳಿ ಬಂದರಿಗೆ ಹೋಗಿ, ಬೋಟಿಂದ ಮೀನು ಇಳಿಸೋವಾಗ ಗರುಡ ತಲೆ ಮೇಲೇ ಸುತ್ತತ್ವೆ. ಸಮುದ್ರ ಹದ್ದು ಮಾತ್ರ ಅದೃಷ್ಟ, ನನಗೆ ಮೂರು ಸಲದಲ್ಲಿ ಒಂದ್ಸಲ ಕಂಡಿದ್ದು.

ಆಮೇಲೆ ಮರವಂತೆ. ಇಲ್ಲಿ ಒಂದು ವಿಷ್ಯ ನೆನಪಿಟ್ಕೊಳ್ಳಿ, ರೋಡಿನ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ಹೊಳೆ, ಹಂಗಾಗಿ ಬೆಳಗ್ಗೆ ಹೊಳೆ ಕಡೆ ಕ್ಯಾಮೆರಾ ಹಿಡಿದ್ರೆ ಬಿಸಿಲು ಎದುರಿಗೇ ಇರತ್ತೆ, ನೀರುಕಾಗೆ ಬೆಳ್ಳಕ್ಕಿ ಎರಡೂ ಒಂದೇ ಕಪ್ಪು (ನನ್ ಹತ್ರ ಇಂಥ ಫೋಟೋ ರಾಶಿ ಇದೆ). ಬೆಳಗ್ಗೆ ಸಮುದ್ರ, ಸಂಜೆ ನಾಲ್ಕರ ಮೇಲೆ ಹೊಳೆ. ಕಪ್ಪುಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡೀತಾ ನಿಂತಿದ್ದು ಕಲ್ಲು ಬಿದ್ದಂಗೆ ಬೀಳತ್ತಲ್ಲ, ಅದಕ್ಕೆ ಹೊಳೆ ಕಡೆನೇ ಕಾಯ್ಬೇಕು.

ಕಾರನ್ನ ಹೈವೇ ಪಕ್ಕ ಅರ್ಧಂಬರ್ಧ ನಿಲ್ಲಿಸ್ಬೇಡಿ, ಲಾರಿಗಳು ಜೋರಾಗಿ ಬರ್ತವೆ, ಪೂರ್ತಿ ಒಳಗೆ ಹಾಕಿ ನಡ್ಕೊಂಡು ಹೋಗಿ.